ಎಷ್ಟು ಮೊಟ್ಟೆ ಅಂತ ಆಮೇಲೆ ನೋಡೋಣ, ಕೋಳಿ ಹೇಗಿದೆ ಹೇಳಿ

"ಕೋಳಿ ಕಾವಿಗೆ ಕೂತಿದೆ, ಎಷ್ಟು ಮೊಟ್ಟೆ ಇಡಲಿ?" ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ಕೋಳಿ ಹೇಗಿದೆ ಅಂತ ನಾನು ಕೇಳಿದರೆ ಆ ಕಡೆ ಮಾತು ನಿಲ್ಲುತ್ತದೆ. ಮೊಟ್ಟೆ ಎಣಿಸಿರುತ್ತಾರೆ, ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೇ ದಿನಕ್ಕೆ ಗುರುತೂ ಹಾಕಿರುತ್ತಾರೆ. ಕೋಳಿಯನ್ನು ಮಾತ್ರ ಕೈಗೆತ್ತಿ ನೋಡಿರುವುದಿಲ್ಲ. ನಾನಿವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಮೊಟ್ಟೆಗಳನ್ನು ಕೋಳಿ ನೋಡಿಕೊಳ್ಳುತ್ತದೆ, ಅದು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತದೆ. ಆ ಕೋಳಿಯನ್ನು ನೋಡಿಕೊಳ್ಳುವುದು ನಮ್ಮ ಕೆಲಸ.

ಮೊದಲು, ಕೋಳಿಗೆ ಕಾವು ಬಂದಿದೆ ಅಂತ ಗೊತ್ತಾಗುವುದು ಹೇಗೆ? ಮೊಟ್ಟೆ ಇಟ್ಟು ಎದ್ದು ಹೋಗಬೇಕಾದ ಹೇಂಟೆ ಗೂಡಿನಲ್ಲೇ ಉಳಿಯುತ್ತದೆ. ಸಂಜೆಯಾದರೂ ರಾತ್ರಿ ಕೂರುವ ಕೋಲು ಹತ್ತುವುದಿಲ್ಲ. ನೀವು ಹತ್ತಿರ ಹೋದರೆ ಮೈ ಚಪ್ಪಟೆ ಮಾಡಿ, ಪುಕ್ಕವೆಲ್ಲ ನಿಮಿರಿಸಿ, ಗಂಟಲಲ್ಲಿ ಗುರುಗುಟ್ಟುತ್ತದೆ. ಕೈ ಚಾಚಿದರೆ ಕುಟುಕುತ್ತದೆ. ಅಂಗೈ ಮೇಲಾಗಿ ಕೈಯನ್ನು ನಿಧಾನವಾಗಿ ಅದರ ಎದೆಯ ಕೆಳಗೆ ತೂರಿಸಿ ನೋಡಿ. ಮೊದಲ ಸಲ ಮಾಡಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಅಷ್ಟು ಬಿಸಿ ಇರುತ್ತದೆ. ಅಲ್ಲಿ ಪುಕ್ಕ ಉದುರಿ ಚರ್ಮ ಬರಿದಾಗಿರುತ್ತದೆ, ಒಳಗೆ ರಕ್ತದ ಓಡಾಟ ಜಾಸ್ತಿಯಾಗಿರುತ್ತದೆ. ಮೊಟ್ಟೆಯ ಚಿಪ್ಪಿಗೆ ನೇರವಾಗಿ ಮೈ ತಾಗಲಿ ಅಂತ ದೇಹವೇ ಮಾಡಿಕೊಂಡ ವ್ಯವಸ್ಥೆ ಅದು.

ಇದನ್ನೆಲ್ಲ ಮಾಡಿಸುವುದು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು. ಅದು ಏರಿದಾಗ ಮೊಟ್ಟೆ ಇಡುವುದು ನಿಲ್ಲುತ್ತದೆ, ಕೂರುವ ಹಂಬಲ ಶುರುವಾಗುತ್ತದೆ. ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ, ಹಾಗಾಗಿ ಮೊಟ್ಟೆಗಾಗಿಯೇ ಸಾಕುವ ತಳಿಗಳಲ್ಲಿ ಈ ಗುಣವನ್ನು ಆರಿಸಿ ಆರಿಸಿ ತೆಗೆದುಹಾಕಿದ್ದಾರೆ. ಲೆಗ್‌ಹಾರ್ನ್ ಕೋಳಿ ಕಾವಿಗೆ ಕೂರುವುದು ತೀರಾ ಅಪರೂಪ. ಸಿಲ್ಕಿ, ಕೊಚಿನ್ ತಳಿಗಳು ಇದಕ್ಕೆ ತದ್ವಿರುದ್ಧ, ಕೆಳಗೆ ಒಂದು ಕಲ್ಲಿದ್ದರೂ ಕೂತುಬಿಡುತ್ತವೆ. ಯಾವ ತಳಿಯದ್ದೇ ಆಗಲಿ, ತಾನಾಗಿ ಕಾವು ಬಂದ ಕೋಳಿಯನ್ನು ಮಾತ್ರ ಕೂರಿಸಬಹುದು. ಕಾವು ಬರದ ಕೋಳಿಯನ್ನು ಬುಟ್ಟಿ ಮುಚ್ಚಿ ಕೂಡಿಹಾಕಿದರೆ ಮೊಟ್ಟೆ ತುಳಿದು ಒಡೆಯುತ್ತದೆ, ಅಷ್ಟೇ.

ಕಾವು ಬಂದ ಕೋಳಿಗಳನ್ನೆಲ್ಲ ಕೂರಿಸಲೇಬೇಕು ಅಂತ ಇಲ್ಲ. ಇಲ್ಲೇ ನೋಡಿ ಕೋಳಿಯನ್ನು ಕೈಗೆತ್ತಿಕೊಳ್ಳಬೇಕಾಗಿರುವುದು. ಎದೆಯ ನಡುವೆ ಒಂದು ಮೂಳೆ ಇದೆಯಲ್ಲ, ಅದರ ಎರಡೂ ಕಡೆ ಬೆರಳಾಡಿಸಿ. ಮಾಂಸ ತುಂಬಿಕೊಂಡು ದುಂಡಗಿದ್ದರೆ ಕೋಳಿ ಕೂರಬಲ್ಲದು. ಮೂಳೆ ಕತ್ತಿಯ ಅಂಚಿನ ಹಾಗೆ ಬೆರಳಿಗೆ ತಗುಲಿದರೆ ಬೇಡ. ಮೂರು ವಾರ ಅದು ಸರಿಯಾಗಿ ತಿನ್ನುವುದಿಲ್ಲ, ಮೈ ಕರಗುತ್ತದೆ. ಕರಗಲು ಮೈಯಲ್ಲಿ ಏನಾದರೂ ಇರಬೇಕಲ್ವಾ? ಈಗಷ್ಟೇ ಕಾಯಿಲೆಯಿಂದ ಎದ್ದ ಕೋಳಿ, ಪುಕ್ಕ ಉದುರಿಸುತ್ತಿರುವ ಕೋಳಿ, ಹಿಂದಿನ ಮರಿಗಳನ್ನು ಬಿಟ್ಟು ಎರಡೇ ವಾರ ಆಗಿರುವ ಕೋಳಿ, ಇವಕ್ಕೆಲ್ಲ ಕಾವು ಬಿಡಿಸುವುದೇ ಒಳ್ಳೆಯದು.

ಕಾವು ಬಿಡಿಸಲು ಕೆಲವರು ಕೋಳಿಯನ್ನು ತಣ್ಣೀರಲ್ಲಿ ಅದ್ದುತ್ತಾರೆ, ಕೆಲವರು ಊಟ ನೀರು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಟ್ಟೆಯ ಕೆಳಗಿನ ಬಿಸಿ ಆರಿದರೆ ಕಾವು ತಾನಾಗಿ ಇಳಿಯುತ್ತದೆ. ತಳದಲ್ಲಿ ತಂತಿಬಲೆ ಇರುವ ಪಂಜರವನ್ನು ನೆಲದಿಂದ ಒಂದಡಿ ಎತ್ತರಕ್ಕಿಟ್ಟು, ಹುಲ್ಲು ಹಾಕದೆ, ನೆರಳಲ್ಲಿ, ಕಾಳು ನೀರು ಕೊಟ್ಟು ಬಿಡಿ. ಕೆಳಗಿನಿಂದ ಗಾಳಿ ಆಡುತ್ತದೆ. ಮೂರು ನಾಲ್ಕು ದಿನದಲ್ಲಿ ಹೆಚ್ಚಿನ ಕೋಳಿಗಳು ಸರಿಯಾಗುತ್ತವೆ. ಹೊರಗೆ ಬಿಟ್ಟ ತಕ್ಷಣ ಮತ್ತೆ ಗೂಡಿಗೇ ಓಡಿದರೆ ಇನ್ನೆರಡು ದಿನ ಅಲ್ಲೇ ಇರಲಿ.

ಸರಿ, ನಿಮ್ಮ ಕೋಳಿ ಗಟ್ಟಿಯಾಗಿದೆ ಅಂತಿಟ್ಟುಕೊಳ್ಳೋಣ. ಆದರೂ ಒಳ್ಳೆಯ ಮೊಟ್ಟೆಗಳನ್ನು ಆವತ್ತೇ ಕೊಡಬೇಡಿ. ಬೇಡದ ಮೊಟ್ಟೆ ಎರಡೋ ಮೂರೋ ಕೆಳಗಿಟ್ಟು ಎರಡು ಮೂರು ರಾತ್ರಿ ನೋಡಿ. ಈ ದಿನಗಳಲ್ಲೇ ಜಾಗವನ್ನೂ ಬದಲಿಸಬೇಕು. ಬೇರೆ ಕೋಳಿಗಳ ನಡುವೆ ಕೂತರೆ ಅವು ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಯಾವುದಕ್ಕೆ ಎಷ್ಟು ದಿನ ಆಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ, ಗೂಡಿನ ಸಮೇತ, ಸದ್ದಿಲ್ಲದೆ ಎತ್ತಿ ಬೇರೆ ಕಡೆ ಇಡಿ. ಹಗಲಲ್ಲಿ ಎತ್ತಿದರೆ ಹಳೆಯ ಜಾಗ ಹುಡುಕಿಕೊಂಡು ಓಡುತ್ತದೆ. ಹೊಸ ಜಾಗ ಸ್ವಲ್ಪ ಕತ್ತಲೆ ಇರಲಿ, ಮಳೆ ಎರಚಲು ಬೀಳದಿರಲಿ. ಇಲಿ, ಹಾವು, ಬೆಕ್ಕು ನುಗ್ಗದ ಹಾಗೆ ಸಣ್ಣ ಕಣ್ಣಿನ ಬಲೆ ಬೇಕು. ಬುಟ್ಟಿಯಾದರೂ ಪೆಟ್ಟಿಗೆಯಾದರೂ ತಳ ಬಟ್ಟಲಿನ ಹಾಗೆ ಸ್ವಲ್ಪ ತಗ್ಗಾಗಿರಬೇಕು, ಮೊಟ್ಟೆ ಉರುಳಿ ಅಂಚಿಗೆ ಹೋಗಬಾರದು. ತೀರಾ ಆಳವಾದರೂ ಕಷ್ಟ, ಒಂದರ ಮೇಲೊಂದು ಬೀಳುತ್ತವೆ. ಅಡಿಗೆ ಒಂದು ಪದರ ಮಣ್ಣು, ಮೇಲೆ ಒಣ ಹುಲ್ಲು. ಮುಗ್ಗಲು ವಾಸನೆಯ ಹುಲ್ಲು ಬೇಡವೇ ಬೇಡ.

ಈಗ ನುಸಿಯ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ನಾನು ಮರಿ ಮಾಡಿಸಲು ಶುರುಮಾಡಿದ ಹೊಸತರಲ್ಲಿ ಒಂದು ಕಂದು ಹೇಂಟೆ ಇತ್ತು, ತುಂಬ ನಂಬಿಕೆಯ ಕೋಳಿ. ಹದಿನಾರನೇ ದಿನ ಬೆಳಗ್ಗೆ ನೋಡಿದರೆ ಅದು ಗೂಡಿನ ಹೊರಗೆ ನಿಂತಿದೆ. ಮೊಟ್ಟೆ ಮುಟ್ಟಿದೆ, ತಣ್ಣಗೆ ಕೊರೆಯುತ್ತಿದ್ದವು. ಕೋಳಿ ಗೂಡಿನ ಕಡೆ ಎರಡು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಹಿಂದೆ ಬರುತ್ತದೆ. ಅದಕ್ಕೆ ಕೂರಬೇಕು, ಕೂರಲು ಆಗುತ್ತಿಲ್ಲ. ಹುಲ್ಲು ಎತ್ತಿ ನೋಡಿದೆ. ಬುಟ್ಟಿಯ ಹೆಣಿಗೆಯ ಸಂದಿಯಲ್ಲೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗೆ ಕೆಂಪು ನುಸಿ, ಬೆರಳಲ್ಲಿ ಒತ್ತಿದರೆ ರಕ್ತ. ಈ ನುಸಿ ಹಗಲಲ್ಲಿ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ಕೋಳಿಯ ರಕ್ತ ಹೀರುತ್ತದೆ. ಅಲುಗಾಡದೆ ಕೂತ ಕೋಳಿಗಿಂತ ಒಳ್ಳೆಯ ಊಟ ಅದಕ್ಕೆ ಸಿಗುವುದಿಲ್ಲ. ಆ ಹೇಂಟೆಯ ಜುಟ್ಟು ಬಿಳಿಚಿಕೊಂಡಿತ್ತು. ಹದಿನಾರು ದಿನ ನಾನು ಮೊಟ್ಟೆ ನೋಡಿದ್ದೆ, ಅದರ ಜುಟ್ಟು ನೋಡಿರಲಿಲ್ಲ. ಹನ್ನೊಂದು ಮರಿ ಚಿಪ್ಪಿನೊಳಗೇ ಸತ್ತವು. ಅದು ಈಗಲೂ ನನ್ನನ್ನು ಕಾಡುತ್ತದೆ.

ಅದಕ್ಕೇ ಹೇಳುವುದು, ಕೂರಿಸುವ ಮೊದಲು ಕೋಳಿಯ ರೆಕ್ಕೆಯಡಿ, ಬಾಲದ ಬುಡ, ಗುದದ ಸುತ್ತ ಪುಕ್ಕ ಬಿಡಿಸಿ ನೋಡಿ. ಹೇನು ಇದ್ದರೆ ಓಡುವುದು ಕಾಣುತ್ತದೆ, ಪುಕ್ಕದ ಬುಡದಲ್ಲಿ ಬಿಳಿ ಮೊಟ್ಟೆಗಳ ಗಂಟು ಕಾಣುತ್ತದೆ. ಅದಕ್ಕೆ ಯಾವ ಔಷಧ ಅಂತ ಪಶುವೈದ್ಯರನ್ನು ಕೇಳಿ, ಮೊದಲೇ ಮುಗಿಸಿಕೊಳ್ಳಿ. ಹಳೆಯ ಬುಟ್ಟಿಯಾದರೆ ಕುದಿಯುವ ನೀರು ಹಾಕಿ ಬಿಸಿಲಿಗೆ ಒಣಗಿಸಿ. ಕೂತ ಮೇಲೂ ವಾರಕ್ಕೊಮ್ಮೆ, ರಾತ್ರಿ ಹೊತ್ತು, ಟಾರ್ಚ್ ಹಿಡಿದು ಗೂಡಿನ ಅಂಚು ನೋಡಿ. ನುಸಿ ಹಗಲಲ್ಲಿ ಕಾಣಿಸುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ, ಎಷ್ಟು ಮೊಟ್ಟೆ. ಕೋಳಿ ಕೂತಾಗ ಒಂದೂ ಹೊರಗೆ ಕಾಣಬಾರದು, ಅಷ್ಟು. ಸಾಧಾರಣ ಗಾತ್ರದ ಹೇಂಟೆಗೆ ಹತ್ತು ಹನ್ನೆರಡು. ಚಿಕ್ಕದಾದರೆ ಏಳೆಂಟು. ಆಸೆಪಟ್ಟು ಹದಿನೈದು ಇಟ್ಟರೆ ಹೊರಗುಳಿಯುವುದು ಮೂರೇ ಅಂದುಕೊಳ್ಳಬೇಡಿ. ಕೋಳಿ ದಿನವಿಡೀ ಮೊಟ್ಟೆ ಹೊರಳಿಸುತ್ತಿರುತ್ತದೆ. ಇವತ್ತು ಅಂಚಿನಲ್ಲಿದ್ದದ್ದು ನಾಳೆ ನಡುವಿಗೆ, ನಡುವಿನದು ಅಂಚಿಗೆ. ಸರದಿಯ ಮೇಲೆ ಎಲ್ಲವಕ್ಕೂ ಚಳಿ ತಗಲುತ್ತದೆ.

ಮೊಟ್ಟೆ ಆರಿಸುವುದು ದೊಡ್ಡ ವಿದ್ಯೆಯೇನಲ್ಲ. ಹುಂಜ ಜೊತೆಗಿರುವ ಹೇಂಟೆಗಳ ಮೊಟ್ಟೆ, ಏಳು ದಿನದೊಳಗಿನದು, ತೀರಾ ದೊಡ್ಡದು ತೀರಾ ಚಿಕ್ಕದು ಬಿಟ್ಟು, ಬಿರುಕಿಲ್ಲದ್ದು. ಹತ್ತು ದಿನದ್ದೂ ಆಗುತ್ತದೆ, ಆದರೆ ವಾರ ದಾಟಿದ ಮೇಲೆ ದಿನೇ ದಿನೇ ಮರಿಯಾಗುವ ಸಾಧ್ಯತೆ ಕಡಿಮೆ. ತೊಳೆಯಬೇಡಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿವೆ, ಅವುಗಳ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪೊರೆ. ತೊಳೆದರೆ ಆ ಪೊರೆ ಹೋಗಿ ರೋಗಾಣುಗಳಿಗೆ ದಾರಿ ತೆರೆದ ಹಾಗೆ. ಕೂರಿಸುವವರೆಗೆ ಚೂಪು ತುದಿ ಕೆಳಗಾಗಿ, ಮನೆಯ ತಂಪಾದ ಮೂಲೆಯಲ್ಲಿಡಿ. 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ತುಂಬ ಒಳ್ಳೆಯದು. ಫ್ರಿಜ್ಜಿನ ತಂಪು ಜಾಸ್ತಿಯಾಯಿತು. ಎಲ್ಲವನ್ನೂ ಒಂದೇ ರಾತ್ರಿ ಕೆಳಗಿಡಿ, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಗೆರೆಯಿಲ್ಲದ ಮೊಟ್ಟೆ ಕಂಡರೆ ಅದು ಹೊಸದು, ತೆಗೆದುಬಿಡಿ.

ಒಂದೇ ರಾತ್ರಿ ಯಾಕೆ ಅಂದರೆ, ಎಲ್ಲ ಮರಿಗಳೂ ಒಟ್ಟಿಗೆ ಬರಬೇಕು. ಕಾಡಿನಲ್ಲಿ ಕೋಳಿ ಇದನ್ನು ತಾನೇ ಮಾಡಿಕೊಳ್ಳುತ್ತದೆ. ದಿನಕ್ಕೊಂದರ ಹಾಗೆ ಮೊಟ್ಟೆ ಇಟ್ಟು, ಇಟ್ಟು ಎದ್ದು ಹೋಗುತ್ತದೆ. ಕಾವು ಸಿಗದ ಮೊಟ್ಟೆಯೊಳಗೆ ಬೆಳವಣಿಗೆ ನಿಂತೇ ಇರುತ್ತದೆ, ಸಾಯುವುದೂ ಇಲ್ಲ. ಕೊನೆಯ ಮೊಟ್ಟೆ ಇಟ್ಟು ಗಟ್ಟಿಯಾಗಿ ಕೂತ ದಿನವೇ ಎಲ್ಲವಕ್ಕೂ ಒಂದನೇ ದಿನ. ಹತ್ತು ದಿನ ಹಿಂದಿನದೂ ನಿನ್ನೆಯದೂ ಒಂದೇ ಹೊತ್ತಿಗೆ ಒಡೆಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದು ಆಶ್ಚರ್ಯವೇ.

ಕೋಳಿ ಮರಿಗೆ 21 ದಿನ. ಬಾತು, ಟರ್ಕಿಗೆ 28, ಗೌಜಲಕ್ಕಿಯ ಜಾತಿಯ ಸಣ್ಣ ಸಾಕು ಹಕ್ಕಿ ಕ್ವೈಲ್‌ಗೆ 17, 18. ಬಾತಿನ ಮೊಟ್ಟೆಯನ್ನೂ ಕೋಳಿ ಕೂತು ಮರಿ ಮಾಡುತ್ತದೆ, ಆದರೆ ಒಂದು ವಾರ ಹೆಚ್ಚು ಉಪವಾಸ ಬೀಳುವುದು ಕೋಳಿಗೆ ಅನ್ನುವುದು ನೆನಪಿರಲಿ.

ಈ 21 ದಿನದಲ್ಲಿ ನೀವು ದಿನಾ ನೋಡಬೇಕಾದದ್ದು ಒಂದೇ ಒಂದು. ಕೋಳಿ ದಿನಕ್ಕೊಮ್ಮೆ ಎದ್ದಿತಾ? ಒಳ್ಳೆಯ ಕೋಳಿ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ಬರುತ್ತದೆ. ಮೊದಲು ಒಂದು ದೊಡ್ಡ, ವಿಪರೀತ ವಾಸನೆಯ ಹಿಕ್ಕೆ. ಹೊಸಬರು ಅದನ್ನು ನೋಡಿ ಕೋಳಿಗೆ ಕಾಯಿಲೆ ಅಂತ ಹೆದರುತ್ತಾರೆ. ಕಾಯಿಲೆಯಲ್ಲ, ಗೂಡು ಗಲೀಜಾಗಬಾರದು ಅಂತ ಇಡೀ ದಿನದ್ದನ್ನು ತಡೆದುಕೊಂಡಿರುತ್ತದೆ. ಆಮೇಲೆ ನೀರು ಕುಡಿಯುತ್ತದೆ, ಗಬಗಬ ತಿನ್ನುತ್ತದೆ, ಮಣ್ಣಲ್ಲಿ ಹೊರಳಾಡುತ್ತದೆ. ಆ ಹೊರಳಾಟಕ್ಕೂ ಜಾಗ ಬೇಕು, ಒಣ ಮಣ್ಣಿಗೆ ಸ್ವಲ್ಪ ಸೌದೆ ಬೂದಿ ಬೆರೆಸಿ ಗೂಡಿನ ಹತ್ತಿರವೇ ಇಡಿ. ಹೇನು ಕಳೆದುಕೊಳ್ಳಲು ಕೋಳಿಗೆ ಅದೇ ಸ್ನಾನ. ಇಷ್ಟೆಲ್ಲ ಆದಮೇಲೆ ಪುಕ್ಕ ಕೊಡವಿ, ದಾಪುಗಾಲಿನಲ್ಲಿ ಬಂದು, ಗೂಡಿನ ಅಂಚಿಗೆ ಬಂದ ತಕ್ಷಣ ನಿಧಾನವಾಗುತ್ತದೆ. ಒಂದು ಕಾಲು ಎತ್ತಿ ಮೊಟ್ಟೆಗಳ ನಡುವೆ ಜಾಗ ಹುಡುಕಿ ಇಡುತ್ತದೆ, ಇನ್ನೊಂದು ಕಾಲು, ಕೊಕ್ಕಿನಲ್ಲಿ ಒಂದು ಮೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು, ಮೈಯನ್ನು ಆಚೆ ಈಚೆ ಅಲ್ಲಾಡಿಸುತ್ತಾ ಕೂರುತ್ತದೆ. ಆ ಹೊತ್ತಲ್ಲಿ ಅಲ್ಲಿ ಇದ್ದು ನೋಡಿ.

ಏಳದ ಕೋಳಿಗಳೂ ಇವೆ. ಅಂಥವನ್ನು ದಿನಾ ಒಂದೇ ಹೊತ್ತಿಗೆ ನಾವೇ ಎತ್ತಿ ಕಾಳಿನ ಮುಂದೆ ಬಿಡಬೇಕು. ಎತ್ತುವಾಗ ರೆಕ್ಕೆ ಕೆಳಗೆ ಕೈ ಹಾಕಿ ನೋಡಿ, ಮೊಟ್ಟೆ ಸಿಕ್ಕಿಕೊಂಡಿರುತ್ತದೆ. ಊಟಕ್ಕೆ ಜೋಳ, ಗೋಧಿಯಂಥ ಇಡೀ ಕಾಳು ಒಳ್ಳೆಯದು, ಹಿಕ್ಕೆ ಗಟ್ಟಿಯಾಗಿರುತ್ತದೆ. ನೀರು ಯಾವಾಗಲೂ ಇರಲಿ. ಅರ್ಧ ಗಂಟೆ ಎದ್ದರೂ ಮೊಟ್ಟೆಗೆ ಏನೂ ಆಗುವುದಿಲ್ಲ, ಗಾಬರಿಯಾಗಿ ಅಟ್ಟಿಸಿ ಕೂರಿಸಬೇಡಿ.

ಏಳನೇ ರಾತ್ರಿ ಟಾರ್ಚ್ ಹಿಡಿದು ಮೊಟ್ಟೆ ನೋಡಬಹುದು. ಮೊಟ್ಟೆಯ ದಪ್ಪ ತುದಿಗೆ ಬೆಳಕು ಒತ್ತಿ ಹಿಡಿಯಿರಿ. ಜೀವ ಇದ್ದರೆ ಜೇಡನ ಕಾಲುಗಳ ಹಾಗೆ ಕೆಂಪು ನರಗಳು, ನಡುವೆ ಕಪ್ಪು ಚುಕ್ಕಿ, ಕೆಲವೊಮ್ಮೆ ಅದು ಮಿಸುಕುವುದೂ ಕಾಣುತ್ತದೆ. ಪೂರ್ತಿ ತಿಳಿಯಾಗಿದ್ದರೆ ಅದು ಹುಂಜ ಸೇರದ ಮೊಟ್ಟೆ. ಕೆಂಪು ಬಳೆಯ ಹಾಗೆ ಒಂದು ಗೆರೆ ಮಾತ್ರ ಇದ್ದರೆ ಶುರುವಾಗಿ ಸತ್ತಿದೆ. ಇವೆರಡನ್ನೂ ತೆಗೆಯಿರಿ. ಕೆಟ್ಟದ್ದು ಗೂಡಿನೊಳಗೆ ಒಡೆದರೆ ಉಳಿದವೂ ಹಾಳು. ಅನುಮಾನ ಇದ್ದದ್ದನ್ನು ಇನ್ನೊಂದು ವಾರ ಬಿಡಿ.

ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಕೋಳಿಮೊಟ್ಟೆಯೊಳಗೆ ಮರಿ ಹೇಗೆ ಬೆಳೆಯುತ್ತದೆ ಅಂತ ವಿವರಿಸಿದ್ದಾರೆ. ಮೂರು ದಿನ ಕಳೆದ ಮೊಟ್ಟೆಯಲ್ಲಿ ಹೃದಯ ರಕ್ತದ ಚುಕ್ಕಿಯ ಹಾಗೆ ಮಿಡಿಯುತ್ತದೆ ಅಂತ ಬರೆದಿದ್ದಾರೆ. ಅವರು ಮೊಟ್ಟೆ ಒಡೆದು ನೋಡಬೇಕಾಗಿತ್ತು. ನಮಗೆ ಒಂದು ಟಾರ್ಚ್ ಸಾಕು. ಆ ಕಾಲದಲ್ಲೇ ಈಜಿಪ್ಟಿನಲ್ಲಿ ಕೋಳಿಯಿಲ್ಲದೆ ಮರಿ ಮಾಡಿಸುತ್ತಿದ್ದರು. ಮುಂದೆ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳೇ ಬಂದವು. ಥರ್ಮಾಮೀಟರ್ ಇಲ್ಲ. ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಸರಿಯಿದೆಯಾ ಅಂತ ಹೇಳುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್ 1749ರಲ್ಲಿ ಆ ವಿದ್ಯೆಯ ಬಗ್ಗೆ ಪುಸ್ತಕವನ್ನೇ ಬರೆದರು.

ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ ಇಟ್ಟುಕೊಂಡವರೂ ಇಲ್ಲಿ ಇದ್ದೀರಿ, ನಿಮಗೆ ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ. ತೇವ ಮೊದಲ 18 ದಿನ ನೂರಕ್ಕೆ 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70. ದಿನಕ್ಕೆ ಕಡಿಮೆಯೆಂದರೂ ಮೂರು ಸಲ ಹೊರಳಿಸಬೇಕು, 18ನೇ ದಿನ ನಿಲ್ಲಿಸಬೇಕು. ಕರೆಂಟು ಹೋದರೆ ಮುಚ್ಚಳ ತೆರೆಯದೆ ಮೇಲೆ ಕಂಬಳಿ ಹೊದಿಸಿ. ಬಿಸಿ ಕಡಿಮೆಯಾದರೆ ಮರಿ ತಡವಾಗುತ್ತದೆ, ಜಾಸ್ತಿಯಾದರೆ ಸಾಯುತ್ತದೆ.

ಕೊನೆಯ ಮೂರು ದಿನಕ್ಕೆ ಬರೋಣ. 18ನೇ ದಿನದಿಂದ ಮೊಟ್ಟೆ ಮುಟ್ಟಬೇಡಿ. 20ನೇ ದಿನ ಗೂಡಿನ ಹತ್ತಿರ ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಚಿಂವ್ ಅನ್ನುವುದು ಕೇಳುತ್ತದೆ. ಕೋಳಿ ಅದಕ್ಕೆ ಗಂಟಲಲ್ಲೇ ಉತ್ತರ ಕೊಡುತ್ತದೆ. ಇನ್ನೂ ಹುಟ್ಟಿರದ ಮರಿಯ ಜೊತೆ ಮಾತು ಶುರುವಾಗಿಬಿಟ್ಟಿರುತ್ತದೆ. ಒಳಗೆ ಮರಿ ದಪ್ಪ ತುದಿಯ ಗಾಳಿಗೂಡಿಗೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆದಿರುತ್ತದೆ. ಆಮೇಲೆ ಕೊಕ್ಕಿನ ತುದಿಯ ಸಣ್ಣ ಗಟ್ಟಿ ಮುಳ್ಳಿನಿಂದ ಚಿಪ್ಪಿಗೆ ಕುಟ್ಟಿ ಒಂದು ಬಿರುಕು ಮಾಡುತ್ತದೆ. ಆಮೇಲೆ ಏನೂ ಆಗುವುದಿಲ್ಲ. ಹನ್ನೆರಡು ಗಂಟೆ, ಹದಿನೆಂಟು ಗಂಟೆ, ಒಮ್ಮೊಮ್ಮೆ ಇಡೀ ಒಂದು ದಿನ.

ನನಗೆ ಈ ಕಾಯುವುದು ಒಂದು ಸಲ ಆಗಲಿಲ್ಲ. ಪಾಪ, ಹೊರಬರಲಾಗದೆ ಒದ್ದಾಡುತ್ತಿದೆ ಅಂತ ಚಿಪ್ಪು ಬಿಡಿಸಿದೆ. ಮೂರನೇ ಚೂರು ತೆಗೆದಾಗ ಪೊರೆಯಿಂದ ರಕ್ತ ಬಂತು. ಮರಿ ಸಂಜೆಗೆ ಸತ್ತಿತು, ಹೊಟ್ಟೆಯ ಕೆಳಗೆ ಮೊಟ್ಟೆಯ ಹಳದಿ ಇನ್ನೂ ಹೊರಗೇ ಇತ್ತು. ಸುಮ್ನೆ ಇದ್ದ ಹಾಗೆ ಕಾಣುವ ಆ ಹೊತ್ತಲ್ಲಿ ಮರಿ ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತದೆ. ಅದು ಮುಗಿದ ಮೇಲೆ ತಾನೇ ಚಿಪ್ಪನ್ನು ಸುತ್ತಲೂ ಕತ್ತರಿಸಿ, ಮುಚ್ಚಳ ತಳ್ಳಿ ಬರುತ್ತದೆ.

ಆ ಹಳದಿಯೇ ಮರಿಯ ಬುತ್ತಿ. ಎರಡು ದಿನ ಬೇರೆ ಊಟ ಬೇಡ. ಮೊದಲ ಮರಿ ಬಂತು ಅಂತ ಕೋಳಿಯನ್ನು ಎಬ್ಬಿಸಬೇಡಿ, ಉಳಿದವು ಬರುವವರೆಗೆ ಅದು ಕಾಯುತ್ತದೆ. ಎರಡು ದಿನ ಆದಮೇಲೆ ಮರಿಗಳನ್ನು ಕರೆದುಕೊಂಡು ತಾನೇ ಏಳುತ್ತದೆ.

ಆಗ ಕೇಳಿ ಅದರ ದನಿ ಹೇಗೆ ಬದಲಾಗಿರುತ್ತದೆ ಅಂತ. ಕಾಳು ಕಂಡರೆ ಟುಕ್ ಟುಕ್ ಟುಕ್ ಅಂತ ಕರೆದು, ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ ತೋರಿಸುತ್ತದೆ. ಹದ್ದಿನ ನೆರಳು ಬಿದ್ದರೆ ಬೇರೆಯೇ ಕೂಗು, ಮರಿಗಳು ಇದ್ದಲ್ಲೇ ಕಲ್ಲಾಗುತ್ತವೆ. ನಾವು ಮಾಡಬೇಕಾದದ್ದು ಕಡಿಮೆ. ನೀರಿನ ಪಾತ್ರೆ ಆಳವಿಲ್ಲದ್ದು, ಒಳಗೆ ಬೆಣಚುಕಲ್ಲು ತುಂಬಿದ್ದು ಇರಲಿ, ಇಲ್ಲದಿದ್ದರೆ ಮುಳುಗುತ್ತವೆ. ತಾಯಿಗೂ ಮರಿಗೂ ಚಿಕ್ ಸ್ಟಾರ್ಟರ್, ಅಂದರೆ ಎಳೆ ಮರಿಗಳಿಗೆಂದೇ ಮಾಡಿದ ಆಹಾರವೇ ಸಾಕು. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಮರಿಯ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಬರೀ ಕಾಗದದ ಮೇಲೆ ಮರಿ ಬಿಡಬೇಡಿ, ಕಾಲು ಜಾರಿ ಎರಡೂ ಬದಿಗೆ ಹರಡಿಕೊಳ್ಳುತ್ತವೆ. ನೆಲ ಒಣಗಿರಲಿ. ಮೂರರಿಂದ ಆರು ವಾರದ ಮರಿ ಮುದುರಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯಾ ಅನ್ನುವ ಕರುಳಿನ ಕಾಯಿಲೆ ಇರಬಹುದು. ಆವತ್ತೇ ಪಶುವೈದ್ಯರ ಹತ್ತಿರ ಹೋಗಿ, ನಾಳೆ ಅನ್ನಬೇಡಿ. ಕೊಕ್ಕರೆ ರೋಗದ (ರಾಣಿಖೇತ್ ಅಂತಲೂ ಕರೆಯುತ್ತಾರೆ) ಲಸಿಕೆ ಯಾವಾಗ ಅಂತಲೂ ಮೊದಲ ವಾರವೇ ಕೇಳಿಕೊಳ್ಳಿ.

ತಾಯಿಯಿಲ್ಲದ ಮರಿಗಳಿಗೆ ಬಲ್ಬಿನ ಕಾವು ಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯ ಹಾಗೆ ಇಳಿಸಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ. ಬಲ್ಬಿನ ಕೆಳಗೆ ಗುಂಪಾಗಿ ಕಿರುಚಿದರೆ ಚಳಿ, ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಅಂಥ ಮರಿ ಒಂದೆರಡು ದಿನದ್ದಾಗಿದ್ದು, ಅಷ್ಟೇ ವಯಸ್ಸಿನ ಮರಿಯಿರುವ ಕೋಳಿ ನಿಮ್ಮಲ್ಲಿದ್ದರೆ, ಕತ್ತಲಲ್ಲಿ ಅದರ ಕೆಳಗೆ ಸೇರಿಸಿ ನೋಡಿ. ಹೆಚ್ಚಿನ ಸಲ ಬೆಳಗ್ಗೆ ಅದು ತನ್ನದೇ ಅಂದುಕೊಂಡಿರುತ್ತದೆ. ಬೆಳಕು ಹರಿಯುವ ಮೊದಲೇ ನೀವು ಅಲ್ಲಿರಬೇಕು, ಕೆಲವು ಕೋಳಿಗಳು ಕುಟುಕುತ್ತವೆ.

ಒಬ್ಬರು ಕೇಳಿದರು, ಮೊಟ್ಟೆಯ ಆಕಾರ ನೋಡಿ ಹುಂಜ ಹೇಂಟೆ ಹೇಳಬಹುದಾ ಅಂತ. ಇಲ್ಲ. ಸುಮಾರು ಅರ್ಧಕ್ಕರ್ಧ ಹುಂಜವೇ ಬರುತ್ತವೆ. ಹತ್ತು ಮರಿಯಲ್ಲಿ ಐದು ಹುಂಜ ಬಂದರೆ ಎಲ್ಲಿಗೆ, ಏನು ಅನ್ನುವುದನ್ನು ಕಾವಿಗೆ ಮೊಟ್ಟೆ ಇಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಆರೇಳು ವಾರಕ್ಕೆ ತಾಯಿಯ ಜುಟ್ಟು ಮತ್ತೆ ಕೆಂಪಾಗುತ್ತದೆ. ಕಾಳಿಗೆ ಕರೆಯುವುದು ಕಡಿಮೆಯಾಗುತ್ತದೆ, ಹತ್ತಿರ ಬಂದ ಮರಿಯನ್ನು ಕುಟುಕಿ ದೂರ ಮಾಡುತ್ತದೆ. ಕೆಲವರು ಇದನ್ನು ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ. ಒಂದು ಸಂಜೆ ಅದು ಮರಿಗಳನ್ನು ಕೆಳಗೆ ಬಿಟ್ಟು ತನ್ನ ಹಳೆಯ ಕೋಲಿಗೆ ಹಾರಿ ಕೂರುತ್ತದೆ. ಮರಿಗಳು ಕತ್ತೆತ್ತಿ ನೋಡುತ್ತಾ ಸ್ವಲ್ಪ ಹೊತ್ತು ಕೂಗುತ್ತವೆ, ಆಮೇಲೆ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಆ ವಾರಕ್ಕೆ ಮೊದಲೇ ನೆಲದಿಂದ ಒಂದು ಅಡಿ ಎತ್ತರದಲ್ಲಿ ಇನ್ನೊಂದು ಕೋಲು ಕಟ್ಟಿಡಿ. ಎರಡು ಮೂರು ರಾತ್ರಿ ಕಳೆದರೆ ಒಂದೊಂದಾಗಿ ಅದರ ಮೇಲೆ ಹತ್ತಿ ಕೂರುತ್ತವೆ.